ಮಗಳಿಗೊಂದು ಪತ್ರ: ಸಂಜೆ ಅರಳುವ ಹೀರೆ ಹೂವು

ಪ್ರೀತಿಯ ಪುಟ್ಟಿ,

ತರಕಾರಿ, ಹೂವು ಬೆಳೆಸಬೇಕು ಅಂತ ನೀನು ಕಳಿಸಿದ ತಾರಸಿಯ ಫೋಟೊ ನೋಡಿದೆ. ಪೂರ್ವ, ದಕ್ಷಿಣ ಎರಡೂ ಕಡೆ ಬಿಸಿಲು ಬೀಳುತ್ತೆ, ನಲ್ಲಿಯೂ ಹತ್ತಿರದಲ್ಲೇ ಇದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇಷ್ಟು ಸಿಕ್ಕಿದ್ದೇ ಭಾಗ್ಯ. ಮೃಗಶಿರಾ ಮಳೆ ಶುರುವಾಗೋಕೆ ಇನ್ನು ಹತ್ತು ದಿನ ಇದೆ. ಅಷ್ಟರೊಳಗೆ ಮಣ್ಣು ಹದ ಮಾಡಿಟ್ಟುಕೋ.

ಗೊಬ್ಬರ ಎಷ್ಟು ಹಾಕಲಿ ಅಂತ ಕೇಳಿದ್ದೀಯ. ಗೊಬ್ಬರಕ್ಕಿಂತ ಮೊದಲು ಹೊತ್ತು ನೋಡಬೇಕು ಕಣೇ. ಯಾವ ಬೀಜ ಯಾವ ತಿಂಗಳು, ಯಾವ ಹೂವು ಎಷ್ಟು ಹೊತ್ತಿಗೆ ಅರಳುತ್ತೆ, ಕುಡಿ ಯಾವಾಗ ಚಿವುಟಬೇಕು, ಇಷ್ಟು ತಿಳಿದಿರಬೇಕು. ಹೊತ್ತು ತಪ್ಪಿತೋ, ಎಷ್ಟು ಸುರಿದರೂ ಬರೀ ಎಲೆ.

ಮಣ್ಣಿನ ಲೆಕ್ಕ ಸುಲಭ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗಿಡ ನೆಡುವ ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಗೊಬ್ಬರ ಕೈಯಲ್ಲಿ ಹಿಡಿದರೆ ಉದುರು ಉದುರಾಗಿರಬೇಕು, ಸಗಣಿ ವಾಸನೆ ಇರಕೂಡದು. ಹಸಿ ಗೊಬ್ಬರ ಹಾಕಿದರೆ ಚೀಲದೊಳಗೆ ಕಾವು ಹುಟ್ಟಿ ಬೇರು ಸುಡುತ್ತೆ, ಜೊತೆಗೆ ಗೊಣ್ಣೆ ಹುಳುವೂ ಬರುತ್ತೆ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಎರಡು ಸಲ ನೀರು ಬಸಿದು ಹಾಕು, ಅದರಲ್ಲಿ ಉಪ್ಪಿನಂಶ ಉಳಿದಿರುತ್ತೆ. ತೂಕದ ಕಡೆ ನಿಗಾ ಇರಲಿ. 12 ಇಂಚಿನ ಗ್ರೋ ಬ್ಯಾಗ್ ನೆನೆದಾಗ 20 ಕಿಲೋ ದಾಟುತ್ತೆ, 15 ಇಂಚಿನದು 40ರ ಹತ್ತಿರ ಬರುತ್ತೆ. ತಾರಸಿಯ ನಡುವೆ ಗುಂಪು ಹಾಕಬೇಡ, ಗೋಡೆ ಬದಿಗೆ ಸಾಲಾಗಿ ಇಡು. ಪ್ರತಿ ಚೀಲದ ಕೆಳಗೆ ಎರಡು ಇಟ್ಟಿಗೆ ಕೊಟ್ಟರೆ ನೀರು ಹರಿದು ಹೋಗುತ್ತೆ, ಕೆಳಗಿನ ಮನೆಯವರ ಸೂರಿಗೆ ತೇವ ಇಳಿಯಲ್ಲ.

ಜೂನ್‌ನಲ್ಲಿ ಬೆಂಡೆ, ಹೀರೆ, ಬದನೆ, ಮೆಣಸಿನಕಾಯಿ, ಚೆಂಡು ಹೂವು. ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಬೆಳಿಗ್ಗೆ ನೇರ ಚೀಲದಲ್ಲೇ ಒಂದು ಬೆರಳ ಗೆಣ್ಣಿನಷ್ಟು ಆಳಕ್ಕೆ ಊರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಸಿಕ್ಕರೆ ಅದನ್ನೇ ತಗೋ, ಎಲೆ ನರ ಹಳದಿಯಾಗುವ ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತೆ. ಬದನೆ, ಮೆಣಸಿನಕಾಯಿ ಬೀಜ ಟ್ರೇಯಲ್ಲಿ ಹಾಕಿ ಮೇಲೆ ತೆಳುವಾಗಿ ಪುಡಿ ಮಣ್ಣು ಉದುರಿಸು. ಒತ್ತೊತ್ತಾಗಿ ಬಿತ್ತಿ ದಿನವೂ ನೀರು ಹನಿಸಿದರೆ ಸಸಿಯ ಬುಡ ದಾರದ ಹಾಗೆ ಸಣ್ಣಗಾಗಿ ಮಗುಚಿಕೊಳ್ಳುತ್ತೆ. ಅದು ಬುಡ ಕೊಳೆ, ಹರಡಿದ ಮೇಲೆ ಉಳಿಸೋಕಾಗಲ್ಲ. ನಾಲ್ಕೈದು ಎಲೆ ಬಂದ ಮೇಲೆ, ಸುಮಾರು 30 ದಿನಕ್ಕೆ, ಬಿಸಿಲು ಇಳಿದ ಹೊತ್ತಲ್ಲಿ ಕಿತ್ತು ನೆಡು.

ಇನ್ನು ಹೀರೆ. ನಿನಗೆ ಹೇಳಿ ಮಾಡಿಸಿದ ತರಕಾರಿ ಇದು. ಕುಂಬಳ, ಹಾಗಲದ ಹೂವು ಬೆಳಿಗ್ಗೆ ಅರಳುತ್ತೆ, ಆ ಹೊತ್ತಿಗೆ ನೀನು ಆಫೀಸಿಗೆ ಓಡುತ್ತಿರುತ್ತೀಯ. ಹೀರೆ ಹೂವು ಅರಳೋದು ಸಂಜೆ ಐದರ ಮೇಲೆ. ನೀನು ಮನೆಗೆ ಬಂದು ಕಾಫಿ ಲೋಟ ಹಿಡಿದು ಮೇಲೆ ಹೋಗುವ ಹೊತ್ತಿಗೆ ಅರಿಶಿನದ ಬಣ್ಣದ ಹೂವು ಬಿಚ್ಚಿಕೊಂಡಿರುತ್ತೆ.

20 ಲೀಟರಿನ ಖಾಲಿ ಪೇಂಟ್ ಬಕೆಟ್ ಚೆನ್ನಾಗಿ ತೊಳೆದು ತಳಕ್ಕೆ ಐದಾರು ತೂತು ಕೊರೆದರೆ ಒಂದು ಬಳ್ಳಿಗೆ ಸಾಕು. ಮೂರು ಬೀಜ ಊರಿ, ಗಟ್ಟಿಮುಟ್ಟಾದ ಒಂದನ್ನು ಉಳಿಸಿಕೋ. ಹಗ್ಗದ ಮೇಲೆ ನೈಲಾನ್ ಬಲೆ ಎಳೆದು ಆರಡಿ ಎತ್ತರಕ್ಕೆ ಚಪ್ಪರ ಕಟ್ಟು. ಹೆಚ್ಚುಕಮ್ಮಿ 40 ದಿನಕ್ಕೆ ಹೂವು ಕಾಣುತ್ತೆ, ಕಂಡ ಹಾಗೇ ಉದುರುತ್ತೆ. ಗಾಬರಿಯಾಗಬೇಡ. ಮೊದಲು ಬರೋದು ಗಂಡು ಹೂವು, ಉದ್ದ ತೊಟ್ಟಿನ ಮೇಲೆ ಗೊಂಚಲಾಗಿ ಇರುತ್ತೆ, ಅದು ಉದುರಲೇಬೇಕು. ವಾರ ಹತ್ತು ದಿನದ ಮೇಲೆ ಹೆಣ್ಣು ಹೂವು ಒಂಟಿಯಾಗಿ ಬರುತ್ತೆ, ಹೂವಿನ ಹಿಂದೆ ಕಿರುಬೆರಳಿನಷ್ಟು ಹೀಚು ಅಂಟಿಕೊಂಡಿರುತ್ತೆ. ಅಣ್ಣ ತಂಗಿಯ ಹಾಗೆ ಎರಡೂ ಒಂದೇ ಎಲೆಯ ಕಂಕುಳಲ್ಲಿ ಹುಟ್ಟೋದೂ ಉಂಟು.

ಮೂರನೇ ಮಹಡಿಯವರೆಗೆ ದುಂಬಿ, ಪತಂಗ ಬರುತ್ತವೆ ಅಂತ ನೆಚ್ಚಿಕೊಂಡು ಕೂರೋಕಾಗಲ್ಲ. ಅವತ್ತು ಸಂಜೆ ಅರಳಿದ ಗಂಡು ಹೂವನ್ನೇ ಕಿತ್ತು ಎಸಳು ತೆಗೆದುಹಾಕು. ನಡುವಿನ ಕೇಸರ ಬೆರಳಿಗೆ ತಗುಲಿಸಿ ನೋಡು, ಹಳದಿ ಪುಡಿ ಹತ್ತಬೇಕು. ಹೆಣ್ಣು ಹೂವಿನ ನಡುವೆ ಮೂರು ಸೀಳಿನ ಅಂಟಂಟಾದ ಮುದ್ದೆ ಇರುತ್ತಲ್ಲ, ಆ ಮೂರಕ್ಕೂ ಮೆತ್ತಗೆ ತಾಗಿಸು. ಒಂದು ಸೀಳು ಬಿಟ್ಟರೆ ಕಾಯಿ ಒಂದು ಕಡೆ ಸೊಟ್ಟಗಾಗಬಹುದು. ಮಳೆ ಮೋಡ ಕಂಡರೆ ಬಿರಿಯೋಕೆ ಬಂದ ಗಂಡು ಮೊಗ್ಗನ್ನು ಮೊದಲೇ ಕಿತ್ತು ಒಳಗಿಟ್ಟುಕೋ, ಪುಡಿ ನೆನೆದರೆ ಕೆಲಸಕ್ಕೆ ಬರಲ್ಲ. ಕೂಡಿಕೊಂಡ ಹೀಚು ಮೂರು ನಾಲ್ಕು ದಿನಕ್ಕೆ ನೆಲ ನೋಡುತ್ತಾ ಉದ್ದವಾಗುತ್ತೆ, ಕೂಡದ್ದು ತುದಿಯಿಂದ ಹಳದಿಯಾಗಿ ಬೀಳುತ್ತೆ. ಎಳೆಯದರಲ್ಲೇ ಕೊಯ್ಯಬೇಕು: ಏಣಿನ ಮೇಲೆ ಉಗುರು ಊರಿದರೆ ಸಲೀಸಾಗಿ ಇಳಿಯಬೇಕು. ಹೆಚ್ಚುವ ಮುಂಚೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡು. ಕಹಿ ಇದ್ದರೆ ಇಡೀ ಕಾಯಿ ಎಸೆದುಬಿಡು, ಹೊಟ್ಟೆ ಕೆಡಿಸುತ್ತೆ.

ಹೀಚಿನ ಮೇಲೆ ಸೂಜಿ ಚುಚ್ಚಿದಂಥ ತೂತು, ಅದರಿಂದ ಅಂಟು ಒಸರಿದ್ದು ಕಂಡರೆ ಹಣ್ಣು ನೊಣ ಮೊಟ್ಟೆ ಇಟ್ಟಿದೆ ಅಂತ. ಕಾಯಿ ಕೂಡಿದ ಮೂರನೇ ದಿನಕ್ಕೇ ಕಾಗದದ ಕೊಳವೆ ತೊಡಿಸು. ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಯನ್ನು ಅಂಗಡಿಯಲ್ಲಿ ಕೇಳುವಾಗ ಹೀರೆ, ಸೌತೆ ಜಾತಿಗೆ ಅಂತ ಬಿಡಿಸಿ ಹೇಳು. ಮಾವಿಗೆ ಬಳಸೋದು ಬೇರೆ, ಅದನ್ನು ತೂಗುಹಾಕಿದರೆ ಈ ನೊಣ ಬರಲ್ಲ.

ಫೋಟೊದಲ್ಲಿ ಬೀದಿ ದೀಪದ ಕಂಬ ಕಂಡಿತು, ಅದಕ್ಕೇ ಸೇವಂತಿಗೆ ವಿಷಯ ಒತ್ತಿ ಹೇಳುತ್ತಿದ್ದೇನೆ. ಸೇವಂತಿಗೆ ಮೊಗ್ಗು ಕಟ್ಟೋದು ರಾತ್ರಿ ಉದ್ದವಾದಾಗ, ಅದೂ ಕತ್ತಲೆ ಕಡಿಯದೇ ಇದ್ದಾಗ. ದೀಪದ ಬೆಳಕು ಬೀಳುವ ಕಡೆ ಇಟ್ಟರೆ ಗಿಡ ಹಸಿರಾಗಿ ಕೊಬ್ಬುತ್ತೆ, ದೀಪಾವಳಿ ಕಳೆದರೂ ಮೊಗ್ಗಿಲ್ಲ. ಆ ಕುಂಡಗಳನ್ನು ನೀರಿನ ಟ್ಯಾಂಕಿನ ಹಿಂಬದಿಗೆ ಇಡು, ಹಗಲಿನ ಬಿಸಿಲಷ್ಟೇ ಸಿಗಲಿ. ಹಳೇ ಗಿಡದ ಬುಡದಲ್ಲಿ ಏಳುವ ಮರಿಗಳನ್ನು ಜೂನ್ ಕೊನೆಯಲ್ಲಿ ನೆಟ್ಟು, ನಾಲ್ಕು ವಾರಕ್ಕೆ ಕುಡಿ ಚಿವುಟು, ಪಕ್ಕದ ಕವಲು ಒಡೆಯುತ್ತೆ. ಆಗಸ್ಟ್ ಕಳೆದ ಮೇಲೆ ಚಿವುಟಬೇಡ, ಆಮೇಲೆ ಚಿವುಟಿದ್ದೆಲ್ಲ ಹೂವಿಗೇ ನಷ್ಟ. ಮೊಗ್ಗಿನ ಬುಡದಲ್ಲಿ ರಸ ಹೀರುವ ಕಪ್ಪು ಸಸ್ಯಹೇನು ಮುತ್ತುತ್ತೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ ಸಾಕು. ಎಣ್ಣೆಗೆ ಮೊದಲು ನಾಲ್ಕು ಹನಿ ಸೋಪಿನ ನೀರು ಬೆರೆಸಿ ಆಮೇಲೆ ನೀರು ಹಾಕು, ಇಲ್ಲದಿದ್ದರೆ ಎಣ್ಣೆ ಮೇಲೇ ತೇಲುತ್ತೆ. ಇದನ್ನು ಸಂಜೆ ಹೊಡೆಯೋದು ವಾಡಿಕೆ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ. ಹೀರೆ ಬಳ್ಳಿಗೆ ಮಾತ್ರ ಸಂಜೆ ಬೇಡ, ಹೂವು ಅರಳುವ ಹೊತ್ತದು. ಬೆಳಗಿನ ಜಾವ ಹೊಡಿ.

ಟೊಮೆಟೊ ಈಗಲೇ ಹಾಕೋ ಆಸೆ ನಿನಗೆ. ಬೇಡ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಜೂನ್‌ನಲ್ಲಿ ಬಿತ್ತಿದ ಗಿಡ ಹಣ್ಣು ಬಿಡುವ ಹೊತ್ತಿಗೆ ಆ ಮಳೆಗೆ ಸಿಕ್ಕಿ, ಎಲೆ ಕಪ್ಪಾಗಿ ಒಣಗುವ ಅಂಗಮಾರಿ ರೋಗ ಹತ್ತಿಸಿಕೊಳ್ಳುತ್ತೆ. ಸೆಪ್ಟೆಂಬರ್ ನಡುವೆ ಸೂರಿನಡಿ ಟ್ರೇಯಲ್ಲಿ ಬೀಜ ಹಾಕು, 25 ದಿನಕ್ಕೆ 15 ಇಂಚಿನ ಚೀಲಕ್ಕೊಂದರಂತೆ ನೆಡು, ಕಾಂಡ ಅರ್ಧ ಹೂತುಹೋದರೂ ಪರವಾಗಿಲ್ಲ, ಹೂತಲ್ಲೆಲ್ಲ ಬೇರು ಬಿಡುತ್ತೆ. ಅರ್ಕಾ ರಕ್ಷಕ್ ತಳಿ ಒಳ್ಳೆಯದು: ಎಲೆ ಮುರುಟು ನಂಜು, ಸೊರಗು ರೋಗ, ಬೇಗ ಬರುವ ಬಗೆಯ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತೆ. ಅದು ಹೈಬ್ರಿಡ್, ಅದರ ಹಣ್ಣಿನ ಬೀಜ ಎತ್ತಿಟ್ಟರೆ ಅದೇ ಗುಣ ಬರಲ್ಲ. ನೆಟ್ಟ ದಿನವೇ ಕೋಲು ಕೊಡು, ಗಿಡ ಎತ್ತರ ಬೆಳೆದ ಮೇಲೆ ಬುಡದಿಂದ ಒಂದಡಿವರೆಗಿನ ಎಲೆ ತೆಗೆ. ಮಣ್ಣಿನಿಂದ ಸಿಡಿದ ಹನಿಯಲ್ಲೇ ರೋಗ ಮೇಲೇರೋದು.

ಹಣ್ಣಿನ ತಳ ಕಪ್ಪಗೆ ಚಪ್ಪಟೆಯಾದರೆ ಮೊಟ್ಟೆ ಸಿಪ್ಪೆ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಸಿಪ್ಪೆ ಕರಗೋಕೆ ತಿಂಗಳುಗಟ್ಟಲೆ ಬೇಕು. ಸಾಮಾನ್ಯವಾಗಿ ಮಣ್ಣಲ್ಲಿ ಸುಣ್ಣದ ಅಂಶ ಇದ್ದೇ ಇರುತ್ತೆ, ಎರಡು ದಿನ ಒಣಗಿಸಿ ಮೂರನೇ ದಿನ ಕೊಡಗಟ್ಟಲೆ ಸುರಿದರೆ ಬೇರು ಅದನ್ನು ಹಣ್ಣಿಗೆ ಮುಟ್ಟಿಸೋಕಾಗಲ್ಲ. ಬೆರಳು ಎರಡು ಗೆಣ್ಣು ಮಣ್ಣಿಗೆ ಇಳಿಸು. ತಣ್ಣಗಿದ್ದರೆ ನೀರು ಬೇಡ, ಒಣಗಿದ್ದರೆ ತಳದ ತೂತಿಂದ ಬರುವವರೆಗೆ ಹಾಕು. ಮೇಲೆ ಒಣ ಎಲೆಯ ಹೊದಿಕೆ ಇರಲಿ. ಮಳೆ ನೀರು ಚೀಲದ ಸಾರವನ್ನು ತೊಳೆದುಕೊಂಡು ಹೋಗುತ್ತೆ, ಅದಕ್ಕೆ ಹದಿನೈದು ದಿನಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ.

ಟೊಮೆಟೊ ಮುಗಿದು ಗಿಡ ಕಿತ್ತಾಗ ಬೇರು ನೋಡು. ಅಲ್ಲಲ್ಲಿ ಗಂಟು ಕಟ್ಟಿದ್ದರೆ ಬೇರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜಂತು ಹುಳು ಸೇರಿದೆ, ಆ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ ಹಾಕಬೇಡ. ಚೆಂಡು ಹೂವು ಹಾಕು.

ಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ಒಂದೂವರೆ ಅಡಿಗೆ ಕತ್ತರಿಸು. ಅದಕ್ಕೆ ಎಂಟು ಹತ್ತು ದಿನ ಮುಂಚೆಯೇ ನೀರು ಕಡಿಮೆ ಮಾಡು, ಕತ್ತರಿಸಿದ ಮೇಲೆ ಗೊಬ್ಬರ ಕೊಟ್ಟು ನೀರು ಶುರು ಮಾಡು. ಹೊಸ ಚಿಗುರಿನಲ್ಲೇ ಮೊಗ್ಗು, ಮಾರ್ಚ್‌ನಿಂದ ಕೊಯ್ಯಬಹುದು. ಸೇವಂತಿಗೆ ಹೂವು ಮುಗಿದಾಗ ಗಿಡ ಕೀಳಬೇಡ, ನಾಲ್ಕು ಬೆರಳು ಬಿಟ್ಟು ಕತ್ತರಿಸಿ ನೆರಳಿಗೆ ಇಡು. ಬುಡದಲ್ಲಿ ಏಳುವ ಮರಿಗಳೇ ಬರುವ ಜೂನ್‌ಗೆ ಬೇಕಾಗೋದು.

ನಿನ್ನ,
ಅಮ್ಮ