ಕರಡಿಯ ಬೆಲ್ಲಕ್ಕೂ ಲೆಕ್ಕ ಕೇಳಿದರು

ಲೇ ದೋಸ್ತ,

ಪತ್ರವನ್ನು ಎಲ್ಲರೂ ಓದುವ ಹಾಗೆ ಇಲ್ಲಿ ಹಾಕಿದ್ದೇನೆ ಅಂತ ಬೈಯಬೇಡ. ನಿನಗೊಬ್ಬನಿಗೇ ಕಳಿಸಿದರೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ನಾಲ್ಕು ಜನರ ಎದುರು ಕೇಳಿದರೆ ಉತ್ತರ ಕೊಡಲೇಬೇಕಲ್ವಾ? ಹಸಿರು ಸ್ವೆಟರಿನ ವಿಷಯ ಎತ್ತುವುದಿಲ್ಲ, ಆಣೆ.

ಹೋದ ಶನಿವಾರ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಹಂಪಿ ಹತ್ತಿರದ ದರೋಜಿ ಕರಡಿಧಾಮಕ್ಕೆ ಕರೆದುಕೊಂಡು ಹೋಗಿದ್ದೆ. ‘ಪರಿಸರ ಹೆಜ್ಜೆಗುರುತು’ ಅಂತ ಪಾಠ. ಹೆಸರು ಕೇಳಿ ಅರ್ಧ ಕ್ಲಾಸು ಸ್ಕೇಲು, ಟೇಪು ತಂದಿತ್ತು, ನಿಜವಾದ ಹೆಜ್ಜೆ ಅಳೆಯೋಕೆ. ನಾನು ನಗುವಷ್ಟರಲ್ಲಿ ಗಾರ್ಡ್ ದಾರಿಯ ಪಕ್ಕ ಒಂದು ಗುರುತು ತೋರಿಸಿಯೇಬಿಟ್ಟರು. ಕರಡಿಯ ಹಿಂಗಾಲು. ಮುಂದಿನ ಉಗುರಿನ ಗೀರು ಬಿಟ್ಟರೆ ಥೇಟ್ ಮನುಷ್ಯರ ಪಾದ. ಒಬ್ಬ ಹುಡುಗ ತನ್ನ ಚಪ್ಪಲಿ ಬಿಚ್ಚಿ ಪಕ್ಕದಲ್ಲೇ ಕಾಲಿಟ್ಟು ನೋಡಿದ.

1994ರಲ್ಲಿ ಈ ಧಾಮ ಆಯಿತಲ್ಲ, ನಾವಿಬ್ಬರೂ ಒಮ್ಮೆಯೂ ಹೋಗಿರಲಿಲ್ಲ ನೋಡು. ಪಕ್ಕದಲ್ಲೇ ಇದ್ದರೆ ಹಾಗೇ. ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಸವರಿಡುತ್ತಾರೆ. ಗೋಪುರದ ಮೇಲೆ ಉಸಿರು ಬಿಗಿಹಿಡಿದು ಕೂತೆವು. ಎರಡು ಕರಡಿ ಇಳಿದು ಬಂದು ಬಂಡೆಗೆ ಮೂತಿ ಒತ್ತಿ ನಿಂತವು. ಆಗ ಹಿಂದಿನಿಂದ ಪಿಸುದನಿ: ‘ಸಾರ್, ಆ ಬೆಲ್ಲದ ಕಬ್ಬಿಗೆ ಬಿದ್ದ ಜಾಗ ಕರಡಿ ಲೆಕ್ಕಕ್ಕಾ, ನಮ್ಮ ಲೆಕ್ಕಕ್ಕಾ?’

1990ರ ದಶಕದಲ್ಲಿ ಕೆನಡಾದಲ್ಲಿ ವಿಲಿಯಂ ರೀಸ್, ಮ್ಯಾಥಿಸ್ ವ್ಯಾಕರ್ನಾಗೆಲ್ ಅನ್ನುವ ಸಂಶೋಧಕರಿಬ್ಬರೂ ಕೂತು ಮಾಡಿದ ಹೆಜ್ಜೆಗುರುತಿನ ಲೆಕ್ಕ ಇದೇ. ನೀನು ತಿನ್ನುವುದು, ಉಡುವುದು, ಸುಡುವುದು, ಇಷ್ಟಕ್ಕೂ ಎಷ್ಟು ನೆಲ ಬೇಕು? ಊಟಕ್ಕೆ ಕೂತಾಗ, ಮಂಡಕ್ಕಿ ಒಗ್ಗರಣೆಯ ಪೊಟ್ಟಣ ಪಕ್ಕಕ್ಕಿಟ್ಟು ಶೀಟು ಹಂಚಿದೆ. ಭೂಮಿ ತಲೆಗೆ ಕೊಡಬಹುದಾದದ್ದು ಸುಮಾರು 1.5 ಹೆಕ್ಟೇರ್. ಭಾರತದವರ ಸರಾಸರಿ 1.2ರ ಆಸುಪಾಸು, ಅಮೆರಿಕದವರದು 7ಕ್ಕಿಂತ ಜಾಸ್ತಿ. ಒಂದೂವರೆ ಹೆಕ್ಟೇರ್ ಅಂದರೆ ಮೂರೂಮುಕ್ಕಾಲು ಎಕರೆ ಅಂದೆ. ಚಪ್ಪಲಿ ಬಿಚ್ಚಿದ ಹುಡುಗ ನಕ್ಕ. ‘ಸಾರ್, ನಮ್ಮದು ಎರಡೇ ಎಕರೆ. ಆರು ಜನ ಇದ್ದೀವಿ.’

ನನ್ನದು 2.3 ಬಂತು. ಕ್ಲಾಸಿಗೇ ಫಸ್ಟ್! ಚಪ್ಪಾಳೆ ಬೇರೆ.

ಆಮೇಲೆ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. ‘ಸಾರ್, ಇದರಲ್ಲಿ ಅದಿರಿನ ಕಾಲಂ ಎಲ್ಲಿದೆ?’

ಇಲ್ಲ. ನಿಜವಾಗಿಯೂ ಇಲ್ಲ. ಹೊಲ, ಹುಲ್ಲುಗಾವಲು, ಕಾಡು, ಮೀನಿನ ನೀರು, ಮನೆ-ರಸ್ತೆಯ ಜಾಗ, ಹೊಗೆ ಹೀರೋಕೆ ಬೇಕಾದ ಕಾಡು, ಇಷ್ಟೇ ಲೆಕ್ಕ. ಅದಿರು ಬೆಳೆಯುವ ವಸ್ತುವಲ್ಲ, ಹಾಗಾಗಿ ಅಗೆದದ್ದು ಎಣಿಕೆಗೆ ಬರುವುದಿಲ್ಲ. ಕರಗಿಸಿದ ಹೊಗೆಯೂ ಉಕ್ಕು ಬಳಸಿದವರ ಹೆಸರಿಗೆ ಹೋಗುತ್ತದೆ. ಇದನ್ನೆಲ್ಲ ಹೇಳಿದೆ. ಅವಳು ಕೂರಲಿಲ್ಲ. ‘ನಮ್ಮ ತಾತನ ಶೇಂಗಾ ಹೊಲ ಸಂಡೂರು ರೋಡಿಗೆ ಹತ್ತಿಕೊಂಡೇ ಇತ್ತು ಸಾರ್. ಹೊಟ್ಟು ತೊಳೆದು ದನಕ್ಕೆ ಹಾಕ್ತಿದ್ರಂತೆ. ನೀರು ಕುಂಕುಮದ ಥರ ಆಗ್ತಿತ್ತಂತೆ.’

ಗಣಿಯ ಅದಿರು ಲಾರಿಗಳು ಓಡುತ್ತಿದ್ದ ಆ ರೋಡು ನಿನಗೆ ಗೊತ್ತು. ಅಪ್ಪನ ಲಾರಿಯೂ ಗೊತ್ತು, ಅದರ ಹಾರನ್ನೂ ಗೊತ್ತು. ಚೀನಾದವರಿಗೆ ಎಷ್ಟು ಕಬ್ಬಿಣ ಕೊಟ್ಟರೂ ಸಾಲದ ಕಾಲ ಅದು. ಒಂದು ಲಾರಿ ಮೂರಾಯಿತು. ರಜೆಯಲ್ಲಿ ಲೋಡಿನ ಮೇಲೆ ಟಾರ್ಪಾಲು ಕಟ್ಟುವ ಕೆಲಸ ನನ್ನದು. ನಿನಗೆ ಗೊತ್ತಿಲ್ಲದ್ದು ಇದು: ಎಷ್ಟೋ ಟ್ರಿಪ್ಪಿಗೆ ನಾನು ಕಟ್ಟುತ್ತಲೇ ಇರಲಿಲ್ಲ. ಹತ್ತು ನಿಮಿಷ ಉಳಿದರೆ ಕ್ಯೂನಲ್ಲಿ ನಾಲ್ಕು ಲಾರಿ ಮುಂದೆ. ಅಪ್ಪ ಕೇಳಿದರೆ ‘ಕಟ್ಟಿದೆ’ ಅನ್ನುತ್ತಿದ್ದೆ. ಕನ್ನಡಿಯಲ್ಲಿ ಹಿಂದೆ ಕೆಂಪು ಧೂಳು ಏಳುವುದು ಕಾಣುತ್ತಿತ್ತು. ಚೆಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಬಿ.ಎಡ್ ಫೀಸೂ ಅದರಲ್ಲೇ ಬಂದದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿದಾಗ ಕೋರ್ಟಿಗೆ ಬೈದವರಲ್ಲಿ ನಾನೂ ಒಬ್ಬ.

ಕ್ಲಾಸಿನಲ್ಲಿ ಯಾರಾದರೂ ಕೇಳಿದರೆ ನಮ್ಮಪ್ಪ ಬೇಸಾಯಗಾರ ಅನ್ನುತ್ತೇನೆ. ಆ ಹುಡುಗಿಗೂ ಹೋದ ವರ್ಷ ಹಾಗೇ ಹೇಳಿದ್ದೆ. ಮೊನ್ನೆ ಬಾಯಿ ಬಿಡಬಹುದಿತ್ತು. ‘ಒಳ್ಳೇ ಪ್ರಶ್ನೆ ಕಣಮ್ಮ’ ಅಂದು ಬಸ್ಸು ಹತ್ತಿಸಿದೆ. ಮೇಷ್ಟ್ರು ‘ಒಳ್ಳೇ ಪ್ರಶ್ನೆ’ ಅಂದರೆ ಏನರ್ಥ ಅಂತ ನಿನಗೆ ಹೇಳಬೇಕಾ?

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಮಾರಾಯ. ಕರಡಿಯ ಫೋಟೊ ಹಾಕಿ ಲೈಕು ಎಣಿಸುವ ಅಂದಾಜಿತ್ತು. ಫೋಟೊದಲ್ಲಿ ಕರಡಿಗಿಂತ ನನ್ನ ಹೊಟ್ಟೆಯೇ ದೊಡ್ಡದಾಗಿ ಬಂದಿದೆ, ಅದಕ್ಕೇ ಹಾಕಲಿಲ್ಲ. ಮಕ್ಕಳು ಈಗ ನನ್ನನ್ನು ‘ಎರಡೂಕಾಲು ಸಾರ್’ ಅನ್ನುತ್ತಿದ್ದಾರೆ.

ಶೀಟು ನಿನಗೂ ಕಳಿಸುತ್ತೇನೆ, ತುಂಬು. ಎಸಿ ಕಾಲಂ ಹಾರಿಸಬೇಡ. ಹಬ್ಬಕ್ಕೆ ಕಾರು ಬಿಟ್ಟು ರೈಲಿನಲ್ಲಿ ಬಾ. ಸ್ಟೇಷನ್ ಹತ್ತಿರ ಮಿರ್ಚಿ ನಾನೇ ಕೊಡಿಸುತ್ತೇನೆ, ಎಣ್ಣೆಯ ಲೆಕ್ಕ ಮಾತ್ರ ನಿನ್ನ ಹೆಸರಿಗೆ.

ನಿನ್ನ,
ಕ್ಲಾಸಿಗೇ ಫಸ್ಟು