ಮೊಲ ತನ್ನ ಹಿಕ್ಕೆ ತಿಂದರೆ ತಿನ್ನಲಿ ಬಿಡಿ

ಮಾನ್ಯರೇ,

ಮೊಲ ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ಮೊದಲ ಸಲ ನೋಡಿದವರು ಹೌಹಾರುವುದು ಸಹಜ. ಆದರೆ ಅದು ರೋಗವಲ್ಲ, ಕೆಟ್ಟ ಚಾಳಿಯೂ ಅಲ್ಲ. ಈಚೆಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಮೊಲಕ್ಕೆ ಗಲೀಜು ಅಭ್ಯಾಸ ಹತ್ತಿದೆ, ಬೇಕಾದವರು ಪಂಜರದ ಸಮೇತ ತಗೊಂಡು ಹೋಗಿ ಅಂತ ಹಾಕಿದ್ದರು. ಕೆಳಗೆ ಸಲಹೆಗಳ ಸುರಿಮಳೆ. ಜಂತುಹುಳದ ಔಷಧಿ ಹಾಕಿ ಅಂದರು ಒಬ್ಬರು. ಮೈ ನೆಕ್ಕದ ಹಾಗೆ ನಾಯಿಗೆ ಕಟ್ಟುತ್ತಾರಲ್ಲ, ಆ ಪ್ಲಾಸ್ಟಿಕ್ ಕೋನ್ ಕುತ್ತಿಗೆಗೆ ಕಟ್ಟಿ ಅಂದರು ಇನ್ನೊಬ್ಬರು. ವಿಷಯ ಹೇಳಹೊರಟರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರೇ ಜಾಸ್ತಿ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊಲ ಎರಡು ಥರದ ಹಿಕ್ಕೆ ಹಾಕುತ್ತದೆ. ನಾವು ಗುಡಿಸಿ ಎಸೆಯುವುದು ಗಟ್ಟಿ, ಒಣ, ದುಂಡನೆಯದು. ಬೆರಳಲ್ಲಿ ಒತ್ತಿ ಮುರಿದರೆ ಒಳಗೆ ಹುಲ್ಲಿನ ಪುಡಿ ಕಾಣುತ್ತದೆ, ವಾಸನೆಯೂ ಅಷ್ಟೇನಿಲ್ಲ. ಇನ್ನೊಂದು ಮೆತ್ತಗಿನದು. ಕಡು ಬಣ್ಣ, ಮೇಲೆ ಲೋಳೆಯ ಹೊಳಪು, ಪುಟ್ಟ ಪುಟ್ಟ ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ಥೇಟ್ ಹಿಪ್ಪುನೇರಳೆ ಹಣ್ಣು. ಇದಕ್ಕೆ ಘಾಟು ವಾಸನೆ. ಇದು ನಮ್ಮ ಕಣ್ಣಿಗೆ ಬೀಳುವುದು ಅಪರೂಪ, ಯಾಕೆಂದರೆ ಮೊಲ ತಲೆಯನ್ನು ಹಿಂಗಾಲುಗಳ ನಡುವೆ ತೂರಿಸಿ, ಅದು ನೆಲಕ್ಕೆ ಬೀಳುವ ಮೊದಲೇ ಬಾಯಿಗೆ ತೆಗೆದುಕೊಂಡು, ಜಗಿಯದೆ ಹಾಗೇ ನುಂಗಿಬಿಡುತ್ತದೆ. ದೂರದಿಂದ ನೋಡುವವರಿಗೆ ಸುಮ್ನೆ ಮೈ ನೆಕ್ಕಿಕೊಳ್ಳುತ್ತಿದೆ ಅನ್ನಿಸುತ್ತದೆ.

ಯಾಕೆ ಹೀಗೆ? ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ಮೊಲಕ್ಕೆ ಸ್ವಂತವಾಗಿ ಇಲ್ಲ, ಹಸುವಿಗೂ ಇಲ್ಲ. ಆ ಕೆಲಸ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳದ್ದು. ಹಸುವಿನಲ್ಲಿ ಅವು ಇರುವ ಚೀಲ ಸಣ್ಣ ಕರುಳಿಗಿಂತ ಮುಂಚೆಯೇ ಬರುತ್ತದೆ, ಹಾಗಾಗಿ ಅಲ್ಲಿ ತಯಾರಾದ ಪ್ರೋಟೀನು, ವಿಟಮಿನ್ ಎಲ್ಲ ಮುಂದೆ ಕರುಳಿನಲ್ಲಿ ಮೈಗೆ ಹತ್ತುತ್ತದೆ. ಮೊಲದಲ್ಲಿ ಈ ಚೀಲ ಸಣ್ಣ ಕರುಳು ಮುಗಿದ ಮೇಲೆ ಇದೆ. ಹೆಸರು ಸೀಕಂ. ಗಾತ್ರದಲ್ಲಿ ಜಠರಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ದೊಡ್ಡ ಕರುಳಿನ ಶುರುವಿನಲ್ಲೇ ಒಂದು ವಿಂಗಡಣೆ ನಡೆಯುತ್ತದೆ. ದಪ್ಪ ನಾರು ಮುಂದಕ್ಕೆ ಹೋಗಿ ಗಟ್ಟಿ ಹಿಕ್ಕೆಯಾಗುತ್ತದೆ, ಸಣ್ಣ ಕಣಗಳು ಮತ್ತು ನೀರು ಹಿಂದಕ್ಕೆ ತಳ್ಳಿಸಿಕೊಂಡು ಸೀಕಂ ಸೇರುತ್ತವೆ. ಅಲ್ಲಿ ಅವು ಹುದುಗಿ ಪ್ರೋಟೀನು, ಬಿ ಗುಂಪಿನ ವಿಟಮಿನ್‌ಗಳು, ಕೆ ವಿಟಮಿನ್ ಎಲ್ಲ ತಯಾರಾಗುತ್ತವೆ. ಆದರೆ ಇವನ್ನು ಹೀರಿಕೊಳ್ಳುವ ಸಣ್ಣ ಕರುಳು ಆಗಲೇ ಹಿಂದೆ ಉಳಿಯಿತಲ್ವಾ? ಮತ್ತೆ ಬಾಯಿಂದಲೇ ಶುರು ಮಾಡಬೇಕು. ಆ ಮೆತ್ತಗಿನ ಹಿಕ್ಕೆ ಅಂದರೆ ಇದೇ ಸಾರ. ಮೇಲಿನ ಲೋಳೆ ಕೂಡ ಸುಮ್ನೆ ಇಲ್ಲ. ಜಠರದ ಆಮ್ಲ ತಕ್ಷಣ ಒಳಗೆ ಇಳಿಯದ ಹಾಗೆ ಕೆಲವು ಗಂಟೆ ತಡೆಯುತ್ತದೆ. ಇದೇನು ಹೊಸ ಸಂಶೋಧನೆಯಲ್ಲ, ಫ್ರಾನ್ಸಿನ ಪಶುವೈದ್ಯ ಮೊರೊ ಎಂಬುವರು 1882ರಲ್ಲೇ ಇದನ್ನು ಬರೆದಿಟ್ಟಿದ್ದಾರೆ.

ಹಾಗಾಗಿ ಕೋನ್ ಕಟ್ಟಿ ಇದನ್ನು ತಪ್ಪಿಸುವುದು ಅಂದರೆ ಅದರ ಅನ್ನಕ್ಕೇ ಕಲ್ಲು ಹಾಕಿದ ಹಾಗೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಮೊಲ ಇದನ್ನು ತಿನ್ನದಿದ್ದಾಗ. ಮೆತ್ತಗಿನ ಹಿಕ್ಕೆ ನೆಲದ ಮೇಲೆ ಬಿದ್ದಿದೆ, ಇಲ್ಲವೇ ಹಿಂಭಾಗದ ಕೂದಲಿಗೆ ಮೆತ್ತಿಕೊಂಡಿದೆ ಅಂದರೆ ಏನೋ ಸರಿ ಇಲ್ಲ. ಬೊಜ್ಜು ಬಂದು ಬಗ್ಗಲಾಗುತ್ತಿಲ್ಲವೋ, ಹಲ್ಲು ನೋವೋ, ಕೀಲು ನೋವೋ ನೋಡಬೇಕು. ಬಹಳ ಸಲ ಕಾರಣ ನಾವು ಹಾಕುವ ತಿಂಡಿಯೇ ಆಗಿರುತ್ತದೆ. ಮಕ್ಕಳು ಪ್ರೀತಿಯಿಂದ ಕೊಡುವ ಬಿಸ್ಕತ್ತು, ಬ್ರೆಡ್ಡು, ಬಾಳೆಹಣ್ಣು. ಕ್ಯಾರೆಟ್ ಕೂಡ ಅಷ್ಟೇ, ಕಾರ್ಟೂನ್ ನೋಡಿ ನಾವು ಅದನ್ನೇ ಮೊಲದ ಊಟ ಅಂದುಕೊಂಡಿದ್ದೇವೆ, ಆದರೆ ಅದರಲ್ಲಿ ಸಕ್ಕರೆ ಅಂಶ ಇದೆ, ಎಂದಾದರೊಮ್ಮೆ ಒಂದು ತುಂಡು ಸಾಕು. ಅಂಟಿಕೊಂಡ ಹಿಕ್ಕೆಗೆ ನೊಣ ಬಂದು ಮೊಟ್ಟೆ ಇಟ್ಟರೆ ಹುಳ ಚರ್ಮಕ್ಕೇ ಇಳಿದು ಪ್ರಾಣಕ್ಕೆ ಸಂಚಕಾರ.

ಬೇಕಾಗಿರುವುದು ಹುಲ್ಲು. ದಿನವಿಡೀ ಮೇಯುವಷ್ಟು ಒಣ ಹುಲ್ಲು. ನಾರು ಹೋಗುತ್ತಿದ್ದರೆ ಕರುಳು ಓಡುತ್ತದೆ, ಜೀವನಪೂರ್ತಿ ಬೆಳೆಯುತ್ತಲೇ ಇರುವ ಹಲ್ಲೂ ಸವೆಯುತ್ತದೆ. ಜೊತೆಗೆ ಹಸಿ ಗರಿಕೆ. ಬೆಂಗಳೂರಿನಲ್ಲಿ ಗಣೇಶನ ದಯೆಯಿಂದ ಗರಿಕೆಗೇನೂ ಬರ ಇಲ್ಲ, ಹೂವಿನ ಅಂಗಡಿಯಲ್ಲೇ ಸಿಗುತ್ತದೆ, ಚೆನ್ನಾಗಿ ತೊಳೆದು ಕೊಡಿ. ರಸ್ತೆ ಪಕ್ಕದಲ್ಲಿ ಕಿತ್ತದ್ದು ಬೇಡ.

ಇನ್ನೊಂದು ಮಾತು. ಮೊಲಕ್ಕೆ ಹುಷಾರಿಲ್ಲ ಅಂತ ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಸಿರಪ್ ಕುಡಿಸಬೇಡಿ. ಅದು ಸೀಕಂನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಆ ಜಾಗದಲ್ಲಿ ವಿಷ ಉಗುಳುವಂಥವು ಬೆಳೆದು ಮೊಲ ಸತ್ತೇ ಹೋಗಬಹುದು. ಅರ್ಧ ದಿನ ಏನೂ ತಿಂದಿಲ್ಲ, ಹಿಕ್ಕೆಯೂ ಹಾಕಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ. ಮೊಲ ನೋಡಿ ಅಭ್ಯಾಸ ಇರುವ ಡಾಕ್ಟರು ಯಾರು ಅಂತ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ.

ಅಂಗಡಿಗಳಲ್ಲಿ ಮೊಲದ ಜೊತೆ ಪಂಜರ, ಬಣ್ಣದ ಬಟ್ಟಲು, ಪೆಲೆಟ್ ಅನ್ನುವ ಒಣ ತಿಂಡಿಯ ಪೊಟ್ಟಣ ಎಲ್ಲ ಕಟ್ಟಿಕೊಡುತ್ತಾರೆ. ಹುಲ್ಲಿನ ಮಾತು, ಹಿಕ್ಕೆಯ ಮಾತು ಯಾರೂ ಎತ್ತುವುದಿಲ್ಲ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ನಾಯಿ, ಬೆಕ್ಕಿನ ಜೊತೆ ಮೊಲದ ಹೆಸರೂ ಇದೆ. ಮಾರುವವರು ಕನ್ನಡದಲ್ಲಿ ಒಂದು ಪುಟದ ಚೀಟಿ ಮುದ್ರಿಸಿ ಕೊಟ್ಟರೆ ಅವರ ಗಂಟೇನೂ ಹೋಗುವುದಿಲ್ಲ. ನಿಮ್ಮ ಪತ್ರಿಕೆಯೂ ನಾಯಿ, ಬೆಕ್ಕಿನ ಬಗ್ಗೆ ಬರೆಸುವ ಹಾಗೆ ಒಮ್ಮೆ ಪಶುವೈದ್ಯರೊಬ್ಬರಿಂದ ಮೊಲದ ಬಗ್ಗೆಯೂ ಬರೆಸಿ.

– ಓದುಗ, ವಿಜಯನಗರ, ಬೆಂಗಳೂರು