ಮಿರ್ಜಾನ್ ಕೋಟೆಗೆ ಕಥೆ ಹೇಳೋರು ಬೇಕು, ಸಚಿವರೇ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ಹುಬ್ಬಳ್ಳಿಯಿಂದ ನಮಸ್ಕಾರ.

ಉತ್ತರ ಕನ್ನಡದ ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ಅಂದ ಕೂಡಲೇ ‘ಅದು ಕೇಂದ್ರದ್ದು’ ಅಂತ ಯಾರಾದರೂ ನಿಮಗೆ ಹೇಳಬಹುದು. ಹೌದು, ಅದನ್ನು ನೋಡಿಕೊಳ್ಳುವುದು ಭಾರತೀಯ ಪುರಾತತ್ವ ಇಲಾಖೆ, ಅದರ ವೃತ್ತ ಕಚೇರಿ ನಮ್ಮ ಧಾರವಾಡದಲ್ಲೇ ಇದೆ. ಗೋಡೆ, ಹುಲ್ಲು ಎಲ್ಲ ಚೆನ್ನಾಗಿಯೇ ಇಟ್ಟಿದ್ದಾರೆ. ಕಲ್ಲಿನ ಬಗ್ಗೆ ನನ್ನ ತಕರಾರಿಲ್ಲ. ನನಗೆ ಬೇಕಿರುವುದು ಮನುಷ್ಯರು.

ನಾನು ಶಾಲಾ ಮಾಸ್ತರ. ಪ್ರವಾಸ ಅಂದರೆ ನಮ್ಮ ಮಕ್ಕಳಿಗೆ ಸಮುದ್ರವೇ ಆಗಬೇಕು. ಬುತ್ತಿ ಕಟ್ಟಿಕೊಂಡು ನಸುಕಿನಲ್ಲಿ ಹೊರಟು, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಷ್ಟರಲ್ಲಿ ಅರ್ಧ ಬಸ್ಸು ತಲೆಸುತ್ತು ಅಂತ ಮಲಗಿರುತ್ತದೆ, ಅಂಕೋಲಾ ಬಂದಮೇಲೆ ಮತ್ತೆ ಹಾಡು ಶುರು. ಗೋಕರ್ಣ, ಓಂ ಬೀಚು, ವಾಪಸ್. ಗೋಕರ್ಣ ಕ್ರಾಸ್‌ನಿಂದ ಕುಮಟಾ ಕಡೆ ಸ್ವಲ್ಪ ಮುಂದೆ ಹೋದರೆ ಹೆದ್ದಾರಿಗೆ ಹತ್ತಿರವೇ ಕೋಟೆ ಇದೆ. ಹೋದವರೂ ಫೋಟೋ ಹೊಡೆದುಕೊಂಡು ಹೊರಟುಬಿಡುತ್ತಾರೆ.

ನಾವು ಮಕ್ಕಳನ್ನು ಅಲ್ಲಿ ಇಳಿಸಿದೆವು. ಚಿರೆಕಲ್ಲಿನ ಗೋಡೆ, ಮೈತುಂಬ ಸಣ್ಣ ತೂತು, ತೂತಿನೊಳಗೆ ಪಾಚಿ. ಉಜ್ಜಿದರೆ ಅಂಗೈಗೆ ಕೆಂಪು ಪುಡಿ. ಒಬ್ಬ ಹುಡುಗ ಬಾವಿಯೊಳಗೆ ಇಣುಕಿ, ‘ಸರ್, ಇಷ್ಟ್ಯಾಕ್ರೀ ಬಾವಿ? ನದಿ ಬಾಜೂಕ ಐತಲ್ರೀ?’ ಅಂದ. ಒಳ್ಳೇ ಪ್ರಶ್ನೆ ಅಲ್ವಾ? ಶತ್ರು ಮುತ್ತಿಗೆ ಹಾಕಿದರೆ ನದಿ ಅವನ ಕೈಯಲ್ಲಿರುತ್ತದೆ, ಅದೂ ಅಲ್ಲದೆ ಭರತ, ಅಂದರೆ ಉಬ್ಬರ, ಬಂದಾಗ ಸಮುದ್ರದ ಉಪ್ಪುನೀರು ಅಘನಾಶಿನಿಯೊಳಗೆ ಏರಿ ಬರುತ್ತದೆ ಅಂತ ಹೇಳಿದೆ. ಆದರೆ ಉಪ್ಪು ಯಾವ ತಿಂಗಳು ಎಲ್ಲಿವರೆಗೆ ಏರುತ್ತದೆ ಅನ್ನೋದು ಆ ದಂಡೆಯ ಮೇಲೆ ಬೆಳೆದವರಿಗೇ ಗೊತ್ತು.

ಅಂಥವರನ್ನೇ ಗೈಡ್ ಮಾಡಿ. ಮಿರ್ಜಾನ್, ಕುಮಟಾ ಕಡೆಯ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ದರ ಬರೆದು ಹಾಕಿ. ಹೇಳಲು ಬೇಕಾದಷ್ಟಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಇದೇ ಸೀಮೆ ಆಳಿದಳು, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು, ಘಟ್ಟದ ಮೆಣಸು ಇಲ್ಲಿಂದಲೂ ಹಡಗು ಹತ್ತುತ್ತಿತ್ತು. ಕೋಟೆ ಕಟ್ಟಿಸಿದ್ದು ಅವಳೇ ಅಂತ ಕೆಲವರು, ಅದಕ್ಕೂ ಮೊದಲೇ ಇತ್ತು ಅಂತ ಕೆಲವರು. ಎರಡನ್ನೂ ಹೇಳಲಿ. ಮಕ್ಕಳಿಗೆ ಜಗಳ ಇಷ್ಟ.

ದಯವಿಟ್ಟು ಧ್ವನಿ-ಬೆಳಕಿನ ಪ್ರದರ್ಶನ ಮಾತ್ರ ಬೇಡ. ಕೋಟಿಗಟ್ಟಲೆ ಸುರಿದು ಆಮೇಲೆ ಬಲ್ಬು ಕೆಟ್ಟಿದೆ ಅನ್ನೋ ಬೋರ್ಡು ನೋಡೋದು ಯಾರಿಗೆ ಬೇಕು?

ಶೌಚಾಲಯದ ಮಾತು ಬಂದರೆ ಕಾನೂನು ಅಡ್ಡ ಬರುತ್ತದೆ ಅನ್ನುತ್ತಾರೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಕಟ್ಟಲು ಅನುಮತಿ ಬೇಕು, ಆದರೆ ಸಾರ್ವಜನಿಕ ಶೌಚಾಲಯವನ್ನು ಆ ಕಾನೂನು ಈ ಕಟ್ಟಡಗಳ ಲೆಕ್ಕಕ್ಕೆ ಸೇರಿಸಿಲ್ಲ. ಆದರೂ ತಕರಾರಿದ್ದರೆ ಸರಿ, 300 ಮೀಟರ್ ಆಚೆ ಕಟ್ಟಿ, ಒಂದಿಷ್ಟು ನೆರಳು ಮಾಡಿ. ಹೆಣ್ಣುಮಕ್ಕಳು ಅಷ್ಟು ದೂರ ನಡೆದಾರು, ಕುಮಟಾವರೆಗೆ ತಡೆದುಕೊಂಡು ಕೂರೋದಕ್ಕಿಂತ ವಾಸಿ.

ಇನ್ನು ಬಸ್ಸು. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ನಮ್ಮ ಗೋಕುಲ ರಸ್ತೆಯಲ್ಲಿ, ಕುಮಟಾ ಡಿಪೋನೂ ಅವರದೇ. ಸಾರಿಗೆ ಸಚಿವರ ಜೊತೆ ಒಂದು ಚಹಾ ಕುಡಿದು, ಭಾನುವಾರ ಹುಬ್ಬಳ್ಳಿಯಿಂದ ಮಿರ್ಜಾನ್, ಸಾಣಿಕಟ್ಟಾ, ಗೋಕರ್ಣಕ್ಕೆ ಒಂದು ಬಸ್ಸು ಬಿಡಿಸಿ. ಸಾಣಿಕಟ್ಟಾದ ಉಪ್ಪಿನ ಆಗರ ನೋಡೋದು ಬೇಸಿಗೆಯಲ್ಲೇ ಚೆಂದ. ಉಪ್ಪು ಅಂಗಡಿಯಲ್ಲಿ ಹುಟ್ಟುತ್ತದೆ ಅಂದುಕೊಂಡ ಮಕ್ಕಳು ಪಾತಿಯಿಂದ ಉಪ್ಪು ಬಾಚೋದು ನೋಡಲಿ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅಂಕೋಲಾ ಯಾಕೆ ಎದ್ದು ನಿಂತಿತು ಅಂತ ಆಗ ಪಾಠ ಮಾಡಿದರೆ ತಲೆಗೆ ಹೋಗುತ್ತದೆ. ಮಳೆಗಾಲದಲ್ಲಂತೂ ಕಡಲಿಗೆ ಇಳಿಯೋದೇ ಅಪಾಯ, ಘಟ್ಟದ ದಾರಿ ಸರಿಯಿದ್ದ ದಿನ ಕೋಟೆಯೇ ವಾಸಿ. ಮೆಟ್ಟಿಲು ಜಾರುತ್ತದೆ, ಅಷ್ಟೇ.

ಗೈಡ್ ವಿಷಯ ಮುಂದಿನ ಬಜೆಟ್‌ಗೆ ತಳ್ಳಬೇಡಿ. ಹಾಲಕ್ಕಿ ಒಕ್ಕಲಿಗರ ಜನಪದ ಹಾಡು ಹಾಡುತ್ತಿದ್ದ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ತೀರಿಕೊಂಡರು. ಅವರ ಬಾಯಿಂದಲೇ ಹಾಡು ಕೇಳುವ ಭಾಗ್ಯ ನಮ್ಮ ಮಕ್ಕಳಿಗೆ ಸಿಗಲಿಲ್ಲ. ಕೋಟೆ ಸುತ್ತಿನ ಹಳೇ ಮಾತು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಹುಡುಗರನ್ನು ಅವರ ಹತ್ತಿರ ಕೂರಿಸಬೇಕು.

ಶಾಲಾ ಪ್ರವಾಸ ಶುರುವಾಗುವುದು ನವೆಂಬರ್ ಹೊತ್ತಿಗೆ. ಅಷ್ಟರಲ್ಲಿ ಬಸ್ಸಾದರೂ ಆದರೆ ನಮ್ಮ ಶಾಲೆಯದೇ ಮೊದಲ ಬುಕಿಂಗ್.

ಇತಿ,
ಹುಬ್ಬಳ್ಳಿಯ ಒಬ್ಬ ಮಾಸ್ತರ